ಕ್ರ್ಯಾಂಕ್ ಬಿಚ್ಚಲು ಸುತ್ತಿಗೆ ಬ್ಯಾಡ್ರಿ
ನಂದೂರಿನ ಎರೆಮಣ್ಣು ಹೊಕ್ಕರೆ ಸೈಕಲ್ ಪೆಡಲ್ ಬಿಗಿಯಾಗ್ತದ. ಒಳಗಿನ ಗುಂಡು ತೊಳೆದು ಗ್ರೀಸ್ ಹಚ್ಚಲು ಕ್ರ್ಯಾಂಕ್ ಬಿಚ್ಚಬೇಕು. ರಿಪೇರಿಗೆ ಕಲಬುರಗಿಗೆ ಹೋದರೆ ಅರ್ಧ ದಿನದ ಕೆಲಸ ಕೆಡ್ತದ.

ಹಳೆ ಸೈಕಲ್ಲಿನ ಕ್ರ್ಯಾಂಕ್ ಹಿಡಿದಿರೋದು ಕಾಟರ್ ಪಿನ್ ಎಂಬ ಬೆಣೆ. ಸುತ್ತಿಗೆಯಿಂದ ಬಡಿದರೆ ಪಿನ್ ಬಾಗ್ತದ, ಏಟು ಗುಂಡಿನ ಕಪ್ಪಿಗೂ ತಾಗ್ತದ. ನಾನು ಬಡಗಿಯ ಸಿ-ಕ್ಲ್ಯಾಂಪ್ ಬಳಸ್ತೀನಿ.

ಜಂಗು ಹಿಡಿದಿದ್ದರೆ ಹಿಂದಿನ ರಾತ್ರಿ ಎಣ್ಣೆ ಬಿಡ್ರಿ. ನಟ್ಟನ್ನು ಪಿನ್ನಿನ ತುದಿಗೆ ಸಮವಾಗುವಷ್ಟು ಸಡಿಲಿಸ್ರಿ, ಥ್ರೆಡ್ ಉಳೀತದ. ದಪ್ಪ ತುದಿಯ ಕಡೆ ಪಿನ್ ಒಳಗೆ ಹೋಗುವಷ್ಟು ಅಗಲದ ಪೈಪ್ ತುಂಡಿಟ್ಟು ಕ್ಲ್ಯಾಂಪ್ ಬಿಗಿಸ್ರಿ. ಟಕ್ ಅಂದರೆ ಪಿನ್ ಬಿಟ್ಟಿತು.

ಮರಳಿ ಹಾಕುವಾಗಲೂ ಕ್ಲ್ಯಾಂಪಿನಿಂದಲೇ ಒತ್ತಿ, ಆಮೇಲೆ ನಟ್ ಬಿಗೀರಿ. ಕ್ರ್ಯಾಂಕ್ ಅಡ್ಡ ನಿಲ್ಲಿಸಿದಾಗ ಒಂದರ ನಟ್ ಮೇಲೆ, ಇನ್ನೊಂದರದು ಕೆಳಗೆ ಇರಬೇಕು. ಇಲ್ಲಾಂದ್ರೆ ಪೆಡಲ್ ಸಾಲಿಗೆ ಬರೋದಿಲ್ಲ.