ಹಳೆಯ ಗ್ರಂಥಗಳ ಚಿತ್ರಪಟಗಳೂ ಮಲೆನಾಡಿನ ತೋಟಗಾರರೂ

ಸಕಲೇಶಪುರದಿಂದ ಶಿರಾಡಿ ಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ, ದೋಣಿಗಾಲನ್ನು ದಾಟಿದ ಮೇಲೆ ಸಿಕ್ಕುವ ಮಾರನಹಳ್ಳಿಯ ಸುತ್ತಿನಲ್ಲಿ ಕಾಫಿ, ಏಲಕ್ಕಿ, ಮೆಣಸು, ಅಡಿಕೆ ಇವುಗಳು ಒಂದಕ್ಕೊಂದು ನೆರೆಯಾಗಿ ಬೆಳೆಯುತ್ತವೆ. ಆಷಾಢದ ಮಳೆಯು ಬಿಡದೆ ಹಿಡಿದಾಗ ಈ ಕಡೆಯ ತೋಟಗಾರರು “ಕೊಳೆ ಬಂತು” ಎನ್ನುವರು. ಅದು ಯಾವುದಕ್ಕೆ ಬಂತೆಂದು ಮತ್ತೆ ಕೇಳಬೇಕಾಗುತ್ತದೆ. ಏಕೆಂದರೆ ಅಡಿಕೆಯ ಕೊಳೆರೋಗವೇ ಬೇರೆ, ಕಾಫಿಯ ಕೊಳೆರೋಗವೇ ಬೇರೆ. ಮಾತಿನಲ್ಲಿ ಒಂದೇ ಆಗಿರುವ ಇವೆರಡನ್ನೂ ಚಿತ್ರದಲ್ಲಿ ನೋಡಿದವನು ಮತ್ತೆಂದೂ ಒಂದೆಂದು ಭ್ರಮಿಸಲಾರನು.

ಕಾಫಿಯ ಕೊಳೆರೋಗದಲ್ಲಿ ಎಲೆಯ ಕೆಳಭಾಗದ ಮೇಲೆ ಬಿಳಿಯ ಬಲೆಯಂತಹ ಪೊರೆಯು ಹಬ್ಬುತ್ತದೆ. ಎಲೆಯು ಕಪ್ಪಾಗಿ, ತೊಟ್ಟು ಕಳಚಿದ ಮೇಲೂ ನೆಲಕ್ಕೆ ಬೀಳದೆ, ಶಿಲೀಂಧ್ರದ ಎಳೆಗಳಿಂದಲೇ ಕೊಂಬೆಗೆ ಜೋತುಕೊಂಡಿರುತ್ತದೆ. ಅಡಿಕೆಯಲ್ಲಿಯಾದರೋ ಕಾಯಿಯ ತೊಟ್ಟಿನ ಸಮೀಪದಲ್ಲಿ ನೀರು ಕುಡಿದಂತಹ ಕಡುಹಸುರಿನ ಕಲೆಯುಂಟಾಗಿ, ಕಾಯಿಗಳು ಗೊನೆಯಿಂದ ಉದುರಿ ಮರದ ಬುಡದಲ್ಲಿ ರಾಶಿಯಾಗುತ್ತವೆ. ಇದನ್ನುಂಟುಮಾಡುವ ಸೂಕ್ಷ್ಮಜೀವಿಯ ಬೀಜಾಣುಗಳು ನೀರಿನ ತೆಳುಪೊರೆಯಲ್ಲಿ ಈಜಬಲ್ಲವು. ಮಳೆಯ ಹನಿಯೇ ಅವುಗಳ ವಾಹನ.

ಕಾಫಿಯ ರೋಗಕಾರಕಕ್ಕೆ ೧೮೭೬ರಲ್ಲಿ ಕುಕ್ ಎಂಬ ಆಂಗ್ಲ ಶಿಲೀಂಧ್ರಶಾಸ್ತ್ರಜ್ಞನು ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟನು. ನಮ್ಮ ತೋಟದ ಆಳುಗಳ ಬಾಯಲ್ಲಿದ್ದ ಮಾತು ಲ್ಯಾಟಿನ್ ಪರಿಭಾಷೆಯೊಳಗೆ ಹೊಕ್ಕದ್ದು ಹೀಗೆ. ೧೯೫೮ರಲ್ಲಿ ಡಾಂಕ್ ಎಂಬ ವಿದ್ವಾಂಸನು ಆ ಕುಲಕ್ಕೇ ‘ಕೊಳೆರೋಗ’ ಎಂಬ ಹೆಸರನ್ನಿಟ್ಟನು. ಅಡಿಕೆಯ ರೋಗವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ನರು ಕೂಲಂಕಷವಾಗಿ ಪರೀಕ್ಷಿಸಿ, ೧೯೧೦ರಲ್ಲಿ ಇಲಾಖೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು ಮಲೆನಾಡಿನಲ್ಲಿ ನೆಲೆಯೂರಿದ್ದು ಅವರ ಕೆಲಸದಿಂದಲೇ.

ಇಂತಹ ಗ್ರಂಥಗಳನ್ನು ನೋಡಬೇಕಾದರೆ ಹಿಂದೆ ದೊಡ್ಡ ಊರುಗಳ ಗ್ರಂಥಭಂಡಾರಗಳಿಗೇ ಹೋಗಬೇಕಾಗಿತ್ತು. ಹೋದರೂ ಬೀಗ ಹಾಕಿದ ಕಪಾಟನ್ನು ತೆರೆಸುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ೨೦೦೬ರಿಂದೀಚೆಗೆ ಅನೇಕ ದೇಶಗಳ ಗ್ರಂಥಭಂಡಾರಗಳು ಒಟ್ಟುಗೂಡಿ ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಎಂಬ ಹೆಸರಿನಿಂದ ಸಸ್ಯ, ಪ್ರಾಣಿ, ಕೀಟಗಳ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಛಾಯೆ ತೆಗೆದು, ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿವೆ. ಕೈಯಲ್ಲಿನ ದೂರವಾಣಿಯ ಗಾಜಿನ ಮೇಲೆ ಎರಡು ಬೆರಳನ್ನು ಅಗಲಿಸಿದರೆ ಚಿತ್ರವು ಹಿಗ್ಗುತ್ತದೆ. ಕೇಸರದ ಸಂಖ್ಯೆಯನ್ನು ಎಣಿಸುವಷ್ಟು ಸ್ಪಷ್ಟತೆಯು ಅನೇಕ ಪಟಗಳಲ್ಲಿದೆ.

ನಮ್ಮ ಘಟ್ಟದ ಸೀಮೆಯ ಗಿಡಮರಗಳಿಗೆ ಸಂಬಂಧಿಸಿದವುಗಳಲ್ಲಿ ಹಿರಿಯ ಗ್ರಂಥವೆಂದರೆ ‘ಹೋರ್ಟಸ್ ಮಲಬಾರಿಕಸ್’. ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡೆಯು ಮಾಡಿಸಿದ ಈ ಗ್ರಂಥದ ೧೨ ಸಂಪುಟಗಳು ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಗಿಡಗಳ ಗುಣವನ್ನು ತಿಳಿಸಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲೆಯಾಳದ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಮುಖ್ಯರು. ಆದ್ದರಿಂದ ಪಟಗಳ ಮೇಲೆ ಲ್ಯಾಟಿನ್, ಮಲೆಯಾಳ, ಅರಬ್ಬಿ ಅಕ್ಷರಗಳ ಜೊತೆಗೆ ನಾಗರಾಕ್ಷರದಲ್ಲಿಯೂ ಹೆಸರುಗಳಿವೆ. ನಾಗರಿಯನ್ನು ಓದಬಲ್ಲವರು ಆ ಹೆಸರನ್ನು ತಾವೇ ಓದಿಕೊಳ್ಳಬಹುದು. ಅದರ ೧೧ನೆಯ ಸಂಪುಟದಲ್ಲಿ ‘ಎಲೆತ್ತರಿ’ ಎಂಬ ಹೆಸರಿನಿಂದ ಏಲಕ್ಕಿಯ ಚಿತ್ರವಿದೆ. ಈ ಮಲೆಯಾಳದ ಮಾತಿನಿಂದಲೇ ೧೮೧೧ರಲ್ಲಿ ಮ್ಯಾಟನ್ ಎಂಬುವನು ಏಲಕ್ಕಿಯ ಕುಲಕ್ಕೆ ‘ಎಲೆಟೇರಿಯಾ’ ಎಂದು ಹೆಸರಿಟ್ಟನು.

ಮದರಾಸಿನ ವೈದ್ಯಾಧಿಕಾರಿ ರಾಬರ್ಟ್ ವೈಟ್ ೧೮೩೮ರಿಂದ ೧೮೫೩ರವರೆಗೆ ಹೊರಡಿಸಿದ ‘ಐಕೋನ್ಸ್’ ಎಂಬ ಗ್ರಂಥಮಾಲೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಪಟಗಳಿವೆ. ಅವನಿಗಾಗಿ ಗಿಡಗಳನ್ನು ಬರೆದವರು ರಂಗಯ್ಯ, ಗೋವಿಂದು ಎಂಬ ದೇಶೀಯ ಚಿತ್ರಗಾರರು. ವೈಟನು ಒಂದು ಸೀತಾಳೆಯ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. ಇದಕ್ಕಿಂತಲೂ ನಮಗೆ ಹತ್ತಿರದ್ದು ಕ್ಲೆಗ್‌ಹಾರ್ನನ ಸಂಗ್ರಹ. ೧೮೪೦ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಅವನು ದಿನಕ್ಕೊಂದು ಗಿಡವೆಂಬ ನೇಮವನ್ನಿಟ್ಟುಕೊಂಡು, ಒಬ್ಬ ಮರಾಠಿ ಚಿತ್ರಗಾರನಿಂದ ಮಲೆನಾಡಿನ ಸಸ್ಯಗಳನ್ನು ಬರೆಯಿಸಿದನು. ಆ ಚಿತ್ರಗಳು ಈಗ ಎಡಿನ್‌ಬರೋ ನಗರದ ಸಸ್ಯೋದ್ಯಾನದಲ್ಲಿವೆ. ಬರೆಯಿಸಿದವನ ಹೆಸರು ಸಂಗ್ರಹಕ್ಕೆ ನಿಂತಿತು. ಬರೆದವನು ಬರಿಯ ‘ಮರಾಠಿ ಚಿತ್ರಗಾರ’ನಾಗಿಯೇ ಉಳಿದನು. ಇದು ನ್ಯಾಯವೆಂದು ಹೇಳಲಾಗದು.

ಆದರೆ ಈ ಚಿತ್ರಗಳನ್ನು ನೋಡುವುದಕ್ಕೂ ಒಂದು ಕ್ರಮವುಂಟು. ಚಿತ್ರಗಾರನು ಹೂವನ್ನೂ ಹಣ್ಣನ್ನೂ ಅನೇಕ ವೇಳೆ ಒಂದೇ ಕೊಂಬೆಯಲ್ಲಿ ತೋರಿಸುತ್ತಾನೆ; ತೋಟದಲ್ಲಿ ಅವು ಒಂದೇ ಕಾಲಕ್ಕೆ ಕಾಣಬೇಕೆಂಬ ನಿಯಮವಿಲ್ಲ. ಕೈಯಿಂದ ಬಣ್ಣ ಹಾಕಿದ ಪಟಗಳಲ್ಲಿ ಪ್ರತಿಯಿಂದ ಪ್ರತಿಗೆ ಬಣ್ಣವು ವ್ಯತ್ಯಾಸವಾಗುವುದಲ್ಲದೆ, ಕಾಲಕ್ರಮದಲ್ಲಿ ಮಾಸಿಯೂ ಇರುತ್ತದೆ. ಆದಕಾರಣ ಬಣ್ಣವನ್ನು ನಂಬುವುದಕ್ಕಿಂತ ಎಲೆಯ ನರಗಳು, ಹೂವಿನ ಭಾಗಗಳು, ಕಾಯಿಯ ಅಡ್ಡಕೊಯ್ತ ಇವುಗಳನ್ನು ನಂಬುವುದು ಮೇಲು. ಇವುಗಳ ವಿವರವು ಸಾಮಾನ್ಯವಾಗಿ ಪಟದ ಕೆಳಗಡೆ ಸಣ್ಣದಾಗಿ ಇರುತ್ತದೆ. ಅವಸರದವರು ಅದನ್ನು ನೋಡದೆಯೇ ಪುಟ ತಿರುವುತ್ತಾರೆ. ಕೀಟಗಳ ಚಿತ್ರಗಳ ಪಕ್ಕದಲ್ಲಿ ಒಂದು ಚಿಕ್ಕ ಗೆರೆಯಿದ್ದರೆ ಅದೇ ಆ ಹುಳುವಿನ ನಿಜವಾದ ಉದ್ದ. ಇದನ್ನರಿಯದವನು ಎಳ್ಳಿನಷ್ಟಿರುವ ಹುಳುವನ್ನು ಹುಣಿಸೆಬೀಜದಷ್ಟಿರಬೇಕೆಂದು ಹುಡುಕುತ್ತಾನೆ.

ಹೆಸರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಡಿಕೆಯ ಕೊಳೆಗೆ ಕಾರಣವಾದ ಜೀವಿಯನ್ನು ಕೋಲ್‌ಮನ್ನರು ‘ಫೈಟಾಫ್ತೊರ ಆಮ್ನಿವೋರ’ದ ಒಂದು ಪ್ರಭೇದವೆಂದು ಕರೆದರು, ೧೯೧೩ರಲ್ಲಿ ಅದು ‘ಫೈಟಾಫ್ತೊರ ಅರೆಕೆ’ ಎಂಬ ಸ್ವತಂತ್ರ ಜಾತಿಯಾಯಿತು. ಚಿತ್ರವು ಬದಲಾಗಲಿಲ್ಲ, ಹೆಸರು ಬದಲಾಯಿತು. ಹಳೆಯ ಹೆಸರಿನಿಂದ ಹುಡುಕಿದವನಿಗೆ ಹೊಸ ಸಲಹೆಯು ಸಿಕ್ಕದೆ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದ ಪಕ್ಕದಲ್ಲಿಯೇ ಅಚ್ಚಾಗಿರುವ ಔಷಧಗಳನ್ನು ಅನುಸರಿಸಕೂಡದು. ಆ ಕಾಲದ ಪುಸ್ತಕಗಳು ಸೀಸದ ಆರ್ಸೆನೇಟು, ಪ್ಯಾರಿಸ್ ಗ್ರೀನ್ ಮೊದಲಾದ ಪಾಷಾಣಗಳನ್ನು ಧಾರಾಳವಾಗಿ ಸೂಚಿಸುತ್ತವೆ. ಅವು ಹುಳುವನ್ನು ಕೊಂದಂತೆ ದನಕರುಗಳನ್ನೂ ಮನುಷ್ಯರನ್ನೂ ಕೊಲ್ಲತಕ್ಕವು.

ಈ ವಿವೇಚನೆಯಿಂದ ನೋಡಿದಲ್ಲಿ ಆಗುವ ಪ್ರಯೋಜನಕ್ಕೆ ಬಿಳಿ ಕಾಂಡಕೊರಕವು ಒಳ್ಳೆಯ ಉದಾಹರಣೆ. ೧೮೬೦ರ ದಶಕದಲ್ಲಿ ಮೈಸೂರು ಮತ್ತು ಕೊಡಗಿನ ಕಾಫಿ ತೋಟಗಳನ್ನು ಇದು ಹಾಳುಮಾಡಿದಾಗ ಸರ್ಕಾರದವರು ಜಾರ್ಜ್ ಬಿಡಿ ಎಂಬ ವೈದ್ಯಾಧಿಕಾರಿಯನ್ನು ವಿಚಾರಣೆಗೆ ನೇಮಿಸಿದರು. ಅವನ ವರದಿಯು ೧೮೬೯ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕೊರಕದ ಹುಳುವು ಕಾಂಡದೊಳಗೆ ಅಡಗಿರುವುದರಿಂದ, ಎಲೆ ಹಳದಿಯಾಗಿ ಗಿಡವು ಸೊರಗಿದ ಮೇಲೆ ತೋಟಗಾರನಿಗೆ ತಿಳಿಯುತ್ತದೆ. ಅದರ ದುಂಬಿಯಾದರೋ ಕಪ್ಪು ಮೈಮೇಲೆ ಬಿಳಿಯ ಪಟ್ಟೆಗಳುಳ್ಳದ್ದು, ಸುಮಾರು ಅರ್ಧದಿಂದ ಮುಕ್ಕಾಲು ಅಂಗುಲದಷ್ಟು ಉದ್ದವಾದದ್ದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿಯೂ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೂ, ಬಿಸಿಲಿರುವ ಹೊತ್ತಿನಲ್ಲಿ ಹೊರಬಿದ್ದು ತೊಗಟೆಯ ಸಂದುಗಳಲ್ಲಿ ಮೊಟ್ಟೆಯಿಡುತ್ತದೆ. ಇದರ ಚಿತ್ರವನ್ನು ಒಮ್ಮೆ ಚೆನ್ನಾಗಿ ನೋಡಿಕೊಂಡ ಆಳು, ಹಾರಾಟದ ಕಾಲದಲ್ಲಿ ದುಂಬಿಯನ್ನು ಕಂಡ ಕೂಡಲೇ ಗುರುತಿಸಿ ಮಾಲೀಕನಿಗೆ ತಿಳಿಸಬಲ್ಲನು. ಆಗಲೇ ಅರೇಬಿಕಾ ಗಿಡಗಳ ಸಡಿಲವಾದ ತೊಗಟೆಯನ್ನು ನಾರಿನ ಚೀಲದಿಂದ ಉಜ್ಜಿ ನಯಮಾಡುವುದಕ್ಕೂ, ಏಣು ಎದ್ದ ಗಿಡಗಳನ್ನು ಕಿತ್ತು ಸುಡುವುದಕ್ಕೂ, ನೆರಳು ತೆಳುವಾದ ಕಡೆ ಹೊಸ ಮರಗಳನ್ನು ನೆಡುವ ಏರ್ಪಾಡಿಗೂ ಸಮಯವಿರುತ್ತದೆ.

ಗುರುತು ನಿಶ್ಚಯವಾಗದಿದ್ದಲ್ಲಿ ಚಿತ್ರವನ್ನೇ ಪ್ರಮಾಣವೆಂದು ಹಿಡಿಯದೆ, ಹುಳುವನ್ನು ಸೀಸೆಯಲ್ಲಿ ಹಾಕಿ, ರೋಗದ ಎಲೆಯಾದರೆ ಒಣ ಕಾಗದದ ನಡುವೆ ಒತ್ತಿ, ಯಾವ ಗ್ರಂಥದ ಯಾವ ಪಟಕ್ಕೆ ಹೋಲುತ್ತದೆಂಬುದನ್ನು ಚೀಟಿಯಲ್ಲಿ ಬರೆದು, ಕಾಫಿಯಾದರೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೂ, ಏಲಕ್ಕಿಯಾದರೆ ದೋಣಿಗಾಲಿನ ಸಂಶೋಧನಾ ಕೇಂದ್ರಕ್ಕೂ ತಲಪಿಸತಕ್ಕದ್ದು. ಗಿಡ ಬೆಳೆದ ಸ್ಥಳ, ನೆರಳಿನ ಪ್ರಮಾಣ, ಕಂಡ ದಿನಾಂಕ ಇವುಗಳನ್ನೂ ಅದೇ ಚೀಟಿಯಲ್ಲಿ ನಮೂದಿಸಬೇಕು.