ಕತ್ತಲಾದ ಮೇಲೆ ಹಂಪಿ: ಬುಕ್ಕಸಾಗರದಲ್ಲಿ ತಂಗುವವರಿಗೆ ದಾರಿ

ಹಂಪಿಗೆ ಬಂದವರು ದಿನವಿಡೀ ಬಿಸಿಲಲ್ಲಿ ಸುತ್ತಿ, ಸಂಜೆ ಆರಕ್ಕೆ ಸ್ಮಾರಕಗಳ ಗೇಟು ಬೀಳುತ್ತಲೇ ಹೊಸಪೇಟೆಯ ಲಾಡ್ಜಿಗೆ ಮರಳಿಬಿಡುತ್ತಾರೆ. ಆದರೆ ಇಲ್ಲಿನ ಸಂಜೆಯನ್ನು ಐನೂರು ವರ್ಷಗಳ ಹಿಂದೆಯೇ ಒಬ್ಬ ಯುರೋಪಿನ ಪ್ರವಾಸಿ ಬೆರಗಿನಿಂದ ಬರೆದಿಟ್ಟಿದ್ದಾನೆ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪೇಸ್, ಒಂದು ಬೀದಿಯಲ್ಲಿ ಪ್ರತಿ ಸಂಜೆ ಸಂತೆ ಸೇರುವುದನ್ನು ಕಂಡ. ಅಲ್ಲಿ ಕುದುರೆಯಿಂದ ಹಿಡಿದು ನಿಂಬೆ, ಕಿತ್ತಳೆ, ದ್ರಾಕ್ಷಿಯವರೆಗೆ ಎಲ್ಲವೂ ಸಿಗುತ್ತಿತ್ತು. ಮಹಾನವಮಿಯ ದಿನಗಳಲ್ಲಿ ಹೊತ್ತು ಮುಳುಗುತ್ತಲೇ ಪಂಜುಗಳು ಹತ್ತಿಕೊಂಡು ಬಯಲೆಲ್ಲ ಹಗಲಾಗುತ್ತಿತ್ತು, ಬಿರುಸು ಬಾಣಗಳು ಹಾರುತ್ತಿದ್ದವು.

ಆ ಪಂಜುಗಳು ಈಗಿಲ್ಲ. ಆದರೂ ದೀಪ ಹಚ್ಚುವ, ಜನ ಸೇರುವ ಜಾಗಗಳು ಉಳಿದಿವೆ. ಅಂಥಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಿ, ಹೊತ್ತಿಗೆ ಸರಿಯಾಗಿ ಮರಳುವುದೇ ಹಂಪಿಯ ರಾತ್ರಿಯನ್ನು ಸವಿಯುವ ಬಗೆ.

ಮೊದಲು, ದಿನ ಆರಿಸಿ

ಏಪ್ರಿಲ್, ಮೇ ಬೇಡ. ಹಗಲೆಲ್ಲ ಕಾದ ಬಂಡೆಗಳು ರಾತ್ರಿಯಾದರೂ ಕಾವು ಬಿಡುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಸಂಜೆ ತಂಪಾಗಿರುತ್ತದೆ, ಹುಣ್ಣಿಮೆಯ ಆಸುಪಾಸಿನ ದಿನವಾದರೆ ಇನ್ನೂ ಒಳ್ಳೆಯದು. ಡಿಸೆಂಬರಿನಲ್ಲಿ ಪಂಪಾ ವಿರೂಪಾಕ್ಷರ ಫಲಪೂಜೆ ಇರುತ್ತದೆ. ಬೇಸಿಗೆಯ ಕಾವು ಸಹಿಸಿಕೊಳ್ಳುವವರಿಗೆ ಚೈತ್ರದ ಹುಣ್ಣಿಮೆಯ ತೇರೂ ಇದೆ. ಆ ರಾತ್ರಿಗಳಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಬಂದ ಸುತ್ತಲ ಹಳ್ಳಿಯ ಜನ ಅಲ್ಲೇ ಬೀಡುಬಿಟ್ಟು ಒಲೆ ಹೂಡುತ್ತಾರೆ. ಹಂಪಿ ಮತ್ತೆ ಊರಾಗುವುದು ಆಗಲೇ.

ವಾಹನ, ವಸತಿ

ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ರಸ್ತೆಯಲ್ಲಿ ಮುಂದೆ ಬಂದರೆ ಬುಕ್ಕಸಾಗರ. ಬಾಳೆ, ಕಬ್ಬು, ಭತ್ತದ ಊರು. ಇಲ್ಲಿ ತಂಗುವುದರಲ್ಲಿ ಒಂದು ಲಾಭವಿದೆ. ಹಂಪಿ ಮತ್ತು ಹೊಳೆಯಾಚೆಯ ವಿರೂಪಾಪುರಗಡ್ಡೆ ನಡುವಿನ ದೋಣಿ ಕತ್ತಲಾಗುವ ಮೊದಲೇ ನಿಲ್ಲುತ್ತದೆ. ತಳವಾರಘಟ್ಟದಲ್ಲಿ ಆಚೆ ದಡದ ಆನೆಗೊಂದಿಗೆಂದು ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಹೋಯಿತು. ಈಗ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವಿನ ಸೇತುವೆಯೇ ಈ ಭಾಗದವರಿಗೆ ಹೊಳೆ ದಾಟುವ ದಾರಿ. ಆನೆಗೊಂದಿ ನೋಡಿ ತಡವಾದರೂ ಸುತ್ತು ಹಾಕಬೇಕಿಲ್ಲ. ಸ್ವಂತ ವಾಹನ ಇಲ್ಲದಿದ್ದರೆ ಹೋಗಿ ಬರುವುದಕ್ಕೆ, ಕಾಯುವುದಕ್ಕೆ ಸೇರಿಸಿ ಆಟೊದವರೊಂದಿಗೆ ಹಗಲಲ್ಲೇ ಬಾಡಿಗೆ ಮಾತಾಡಿಕೊಳ್ಳಿ. ರಾತ್ರಿ ರಸ್ತೆಯಲ್ಲಿ ನಿಂತು ಹುಡುಕಿದರೆ ಸಿಗುವುದು ಕಷ್ಟ.

ಸಂಜೆ ಐದಕ್ಕೆ ಮಾಲ್ಯವಂತ

ಸೂರ್ಯಾಸ್ತಕ್ಕೆ ಎಲ್ಲರೂ ಮಾತಂಗ ಬೆಟ್ಟ ಎನ್ನುತ್ತಾರೆ. ನಾನು ಮಾಲ್ಯವಂತವೆನ್ನುತ್ತೇನೆ. ಕಂಪ್ಲಿ ರಸ್ತೆಯ ಬದಿಗೇ ಇದೆ, ವಾಹನ ಮೇಲಿನವರೆಗೂ ಹೋಗುತ್ತದೆ, ವಯಸ್ಸಾದ ಅಪ್ಪ ಅಮ್ಮನನ್ನೂ ಕರೆದೊಯ್ಯಬಹುದು. ರಾಮ ಮಳೆಗಾಲ ಕಳೆದ ಜಾಗವೆಂಬ ನಂಬಿಕೆ. ರಘುನಾಥ ದೇವಸ್ಥಾನದಲ್ಲಿ ಸಾಧುಗಳು ಹಗಲಿರುಳೂ ರಾಮಾಯಣ ಪಾರಾಯಣ ಮಾಡುತ್ತಾರೆ. ಗುಡಿಯ ಹಿಂದೆ ಬಂಡೆಯ ಬಿರುಕೊಂದಿದೆ. ಅದರ ಎರಡೂ ಅಂಚಿಗೆ ಲಿಂಗ, ನಂದಿಗಳನ್ನು ಸಾಲಾಗಿ ಕಡೆದಿದ್ದಾರೆ. ಅಲ್ಲಿ ಕುಳಿತು ಹೊತ್ತು ಮುಳುಗುವುದನ್ನು ನೋಡಿ. ಬೆಳಕು ಇಳಿಯುತ್ತಾ ಹೋದಂತೆ ಒಳಗಿನ ತಾಳ, ಹಾರ್ಮೋನಿಯಂ ದನಿ ಮುಂದೆ ಬರುತ್ತದೆ. ಹಂಪಿಯಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಗಳಿಗೆ ಇಲ್ಲ. ಚಪ್ಪಲಿ ಬಿಟ್ಟು, ಫೋನು ಮೌನವಾಗಿಸಿ, ಹತ್ತು ನಿಮಿಷವಾದರೂ ಪಾರಾಯಣದ ಪಕ್ಕ ಕೂಡಿ.

ಆಮೇಲೆ ವಿರೂಪಾಕ್ಷ

ಮಾಲ್ಯವಂತದಿಂದ ನೇರವಾಗಿ ಹಂಪಿಗೆ ಬನ್ನಿ. ಸ್ಮಾರಕಗಳೆಲ್ಲ ಮುಚ್ಚಿದರೂ ಪೂಜೆ ನಡೆಯುವ ವಿರೂಪಾಕ್ಷನ ಗುಡಿ ಸಂಜೆ ತೆರೆದಿರುತ್ತದೆ. ಹಗಲಿನ ನೂಕುನುಗ್ಗಲು ಕರಗಿ, ಪ್ರಾಂಗಣದ ಕಲ್ಲು ತಣ್ಣಗಾಗಿರುತ್ತದೆ. ಮಂಗಳಾರತಿ ಎಷ್ಟಕ್ಕೆ, ಬಾಗಿಲು ಹಾಕುವುದು ಎಷ್ಟಕ್ಕೆ ಎಂದು ಅಲ್ಲಿಯ ಅರ್ಚಕರನ್ನೇ ಕೇಳಿ. ಹಂಪಿಯಲ್ಲಿ ಮದ್ಯ, ಮಾಂಸ ಇಲ್ಲ. ಹಸಿವಾದರೆ ಹೊಸಪೇಟೆ ಕಡೆಯ ಒಗ್ಗರಣಿ ಮಿರ್ಚಿ ತಿನ್ನದೆ ಹೋಗಬೇಡಿ. ಮಂಡಕ್ಕಿ ಒಗ್ಗರಣೆಯ ಜೊತೆಗೆ ಎಣ್ಣೆಯಿಂದ ಆಗತಾನೆ ತೆಗೆದ ಮೆಣಸಿನಕಾಯಿ ಬಜ್ಜಿಯಿದ್ದರೆ ಸಂಜೆಗೆ ಅಷ್ಟೇ ಸಾಕು.

ಇನ್ನೊಂದು ಸಂಜೆ ಕೈಯಲ್ಲಿದ್ದರೆ ತುಂಗಭದ್ರಾ ಅಣೆಕಟ್ಟೆಯ ಉದ್ಯಾನಕ್ಕೆ ಹೋಗಿ, ಸಂಗೀತ ಕಾರಂಜಿ ಇದೆ. ಮಕ್ಕಳಿಗೆ ಹಿಡಿಸುತ್ತದೆ.

ಉತ್ಸವದ ಮೂರು ರಾತ್ರಿ

ಜನಸಾಗರವೇ ಬೇಕೆನ್ನುವವರು ಹಂಪಿ ಉತ್ಸವಕ್ಕೆ ಬರಲಿ. ಹಿಂದೆ ನವೆಂಬರ್ 3ರಿಂದ 5ರವರೆಗೆ ನಡೆಯುತ್ತಿತ್ತು. ಈಚೆಗೆ ದಿನ ಬದಲಾಗುತ್ತಿದೆ. 2024ರಲ್ಲಿ ಫೆಬ್ರುವರಿ 2ರಿಂದ 4, 2025ರಲ್ಲಿ ಫೆಬ್ರುವರಿ 28ರಿಂದ ಮಾರ್ಚ್ 2. ಆದ್ದರಿಂದ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಂಡೇ ರೈಲು, ಕೋಣೆ ಕಾಯ್ದಿರಿಸಿ. ಮುಖ್ಯ ವೇದಿಕೆಯಲ್ಲಿ ಸಿನಿಮಾ ಹಾಡುಗಾರರಿಗೆ ಜನ ಮುಗಿಬೀಳುತ್ತಾರೆ. ನೀವು ಎದುರು ಬಸವಣ್ಣ ಎಂಬ ನಂದಿಯ ಕಡೆಯ ವೇದಿಕೆಗೂ ಹೋಗಿ ನೋಡಿ. ಗಜಶಾಲೆಯ ಬಯಲಿನ ಧ್ವನಿ ಬೆಳಕಿನ ಪ್ರದರ್ಶನ ತಪ್ಪಿಸಿಕೊಳ್ಳಬೇಡಿ. ಜೊತೆಗಿದ್ದವರು ಗುಂಪಿನಲ್ಲಿ ತಪ್ಪಿಹೋದರೆ ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಹೋಗಬಾರದ ಕಡೆ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. 2025ರ ಮಾರ್ಚ್‌ನಲ್ಲಿ ಹೊಳೆಯಾಚೆಯ ಸಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು, ಒಬ್ಬ ಯುವಕ ಪ್ರಾಣ ಕಳೆದುಕೊಂಡ. ನಕ್ಷತ್ರ ನೋಡಬೇಕೆನಿಸಿದರೆ ತಂಗಿದ ಮನೆಯ ಮಾಳಿಗೆಯಿಂದ ನೋಡಿ. ನಿರ್ಜನ ಕಾಲುವೆ, ಕೆರೆ, ಬೆಟ್ಟಗಳಿಗೆ ಕತ್ತಲಲ್ಲಿ ಹೋಗಬೇಡಿ, ಯಾರೇ ಕರೆದರೂ ಬೇಡ. ಹೊಳೆಗೆ ಇಳಿಯಬೇಡಿ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹರಿವು ಏರುತ್ತದೆ. ಇನ್ನು ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ, ಗುಡ್ಡಗಳಲ್ಲಿ ಚಿರತೆಗಳೂ ಇವೆ. ಕರಡಿ ಆಹಾರಕ್ಕೆ ಹೊರಡುವುದೇ ಇಳಿಹೊತ್ತಿನಲ್ಲಿ. ತೊಂದರೆಯಾದರೆ 112ಕ್ಕೆ ಕರೆ ಮಾಡಿ.

ರಾತ್ರಿ ಒಂಬತ್ತರೊಳಗೆ ಬುಕ್ಕಸಾಗರ ಸೇರಿಕೊಳ್ಳಿ. ಬರುವಾಗ ನಿಧಾನವಾಗಿ ಬನ್ನಿ. ಈ ರಸ್ತೆಯಲ್ಲಿ ಕಬ್ಬು, ಬಾಳೆಗೊನೆ ಹೇರಿದ ಟ್ರ್ಯಾಕ್ಟರುಗಳು ಓಡಾಡುತ್ತವೆ, ಎಷ್ಟೋ ಟ್ರೇಲರುಗಳಿಗೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ.