ಕೀಲಿಕೈ ಎಲ್ಲಿ?

ಅಕ್ಕಂದಿರೇ, ನರಗುಂದದ ಒಂದು ಓಣಿ. ಅಲ್ಲಿ ಹೀಗೊಂದು ಮನೆ ಇದೆ ಅಂದುಕೊಳ್ಳೋಣ.

ಅತ್ತೆಗೆ ಎಪ್ಪತ್ತು ದಾಟಿದೆ. 1980ರ ರೈತ ಬಂಡಾಯದ ಮಾತು ತೆಗೆದರೆ ಸಾಕು, ಅಂದಿನ ಗದ್ದಲವನ್ನೆಲ್ಲ ಹೇಳುತ್ತಾರೆ. ಆದರೆ ಮುಂಜಾನೆ ರೊಟ್ಟಿ ತಿಂದದ್ದು ನೆನಪಿಲ್ಲ.

ದಿನವಿಡೀ ಟ್ರಂಕು ತೆಗೆಯುತ್ತಾರೆ. ಸೀರೆ ಎಣಿಸುತ್ತಾರೆ. ಮುಚ್ಚುತ್ತಾರೆ. ಮತ್ತೆ ತೆಗೆಯುತ್ತಾರೆ. "ಕೀಲಿಕೈ ಎಲ್ಲಿ? ಯಾರು ಒಯ್ದರು?" ಅಂತಾರೆ. ಕೊನೆಗೆ ಸೊಸೆಯ ಕಡೆ ಬೆರಳು ತೋರಿಸುತ್ತಾರೆ. "ನೀನ ಕದ್ದೀದಿ" ಅಂತ ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ.

ಹೊಲದ ಕೆಲಸ ಮುಗಿಸಿ ಬಂದ ಸೊಸೆಗೆ ಈ ಮಾತು! ಅವಳು ತವರಿಗೆ ಹೋಗುವ ವಿಚಾರ ಮಾಡುತ್ತಾಳೆ. ಗಂಡ ಸುಮ್ಮನೆ ಕೂತಿದ್ದಾನೆ.

ಅತ್ತೆ ಬೇಕಂತ ಮಾಡುತ್ತಿಲ್ಲ. ದೆವ್ವ ಬಡಿದಿಲ್ಲ. "ಅರವತ್ತಕ್ಕೆ ಅರಳು ಮರಳು" ಅಂತ ಬಿಟ್ಟುಬಿಡುವ ಮಾತೂ ಅಲ್ಲ. ಇದು ಮಿದುಳಿನ ರೋಗ. ಡಾಕ್ಟರು ಡಿಮೆನ್ಶಿಯಾ ಅಂತಾರೆ. ನಾವು ಮರೆವಿನ ರೋಗ ಅನ್ನೋಣ.

1906ರಲ್ಲಿ ಜರ್ಮನಿಯ ಆಲ್ಜೈಮರ್ ಎಂಬ ವೈದ್ಯರು ಒಬ್ಬ ಹೆಣ್ಣುಮಗಳ ಕಥೆ ಹೇಳಿದರು. ಆಕೆ ಮನೆಯ ಸಾಮಾನು ಅತ್ತಿತ್ತ ಒಯ್ದು ಬಚ್ಚಿಡುತ್ತಿದ್ದಳು. ಗಂಡನ ಮೇಲೆ ಸಂಶಯಪಡುತ್ತಿದ್ದಳು. ಆಕೆ ಸತ್ತ ಮೇಲೆ ಅವರು ಮಿದುಳನ್ನು ಪರೀಕ್ಷಿಸಿದರು. ಅದು ಸವೆದು ಸಣ್ಣದಾಗಿತ್ತು. ಈ ರೋಗದ ಒಂದು ಬಗೆಗೆ ಆ ವೈದ್ಯರ ಹೆಸರೇ ಬಂತು. ಈಗ ನಮ್ಮ ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಮರೆವಿನ ರೋಗ ಇದೆ ಎಂದು ಅಂದಾಜು.

ಹೇಳಿದ್ದನ್ನೇ ಹೇಳುವುದು ಯಾಕೆ? ಅತ್ತೆ ಕೀಲಿಕೈ ನೋಡಿದ್ದನ್ನು ಮರೆಯುತ್ತಾರೆ. ಆದರೆ "ಏನೋ ಕಳೆದೈತಿ" ಎಂಬ ಅಂಜಿಕೆ ಉಳಿಯುತ್ತದೆ. ನಮಗೆ ಅದು ಇಪ್ಪತ್ತನೆಯ ಸಲ. ಅವರಿಗೆ ಪ್ರತಿ ಸಲವೂ ಮೊದಲನೆಯದು. ಅದಕ್ಕೇ "ಆಗಲೇ ಹೇಳೀನಲ್ಲ" ಅಂದರೆ ಉಪಯೋಗವಿಲ್ಲ. ವಾದ ಮಾಡಿದರೆ ಅಂಜಿಕೆ ಹೆಚ್ಚುತ್ತದೆ.

ನಾವು ಅಂಜಿಕೆಗೆ ಉತ್ತರ ಕೊಡಬೇಕು. "ಬರ್ರಿ ಅತ್ತಿ, ಇಬ್ಬರೂ ಕೂಡಿ ಹುಡುಕೋಣು" ಅನ್ನಿರಿ. ಸಿಕ್ಕ ಕೀಲಿಕೈಯನ್ನು ಅವರ ಕೈಗೇ ಕೊಡಿರಿ. ಅಂಥದೇ ಇನ್ನೊಂದು ಮಾಡಿಸಿ ನೀವು ಇಟ್ಟುಕೊಳ್ಳಿರಿ. ಬಂಗಾರ, ರೊಕ್ಕ, ಕಾಗದಪತ್ರ ಆ ಟ್ರಂಕಿನಲ್ಲಿ ಬೇಡ.

ಆಮೇಲೆ ಕೈಗೆ ಕೆಲಸ ಕೊಡಿರಿ. ಶೇಂಗಾ ಸುಲಿಯಲಿ. ದೀಪದ ಬತ್ತಿ ಹೊಸೆಯಲಿ. ಬಟ್ಟೆ ಮಡಚಲಿ. ಮಡಚಿದ್ದನ್ನು ನೀವು ಒಳಗೆ ಬಿಚ್ಚಿ ಮತ್ತೆ ತಂದುಕೊಟ್ಟರೂ ನಡೆಯುತ್ತದೆ. ಇದು ಮೋಸ ಅಲ್ಲ. ಇಷ್ಟು ವರ್ಷ ದುಡಿದ ಕೈ ಅದು, ಸುಮ್ಮನೆ ಕೂಡುವುದಿಲ್ಲ.

ಸೀರೆ ಎಣಿಸಿದರೆ ಎಣಿಸಲಿ ಬಿಡಿರಿ. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಗ್ಯಾಸ್ ಒಲೆ, ಗುಳಿಗೆ, ಹೊಲಕ್ಕೆ ಹೊಡೆಯುವ ಎಣ್ಣೆ ಅವರ ಕೈಗೆ ಸಿಗಬಾರದು. ಹೊತ್ತು ಮುಳುಗುವಾಗ ಚಡಪಡಿಕೆ ಹೆಚ್ಚಾಗಬಹುದು. ಕತ್ತಲಾಗುವ ಮೊದಲೇ ದೀಪ ಹಾಕಿರಿ. ಕಟ್ಟಿಹಾಕುವುದು, ಅಂಗಡಿಯಿಂದ ನಿದ್ದೆ ಗುಳಿಗೆ ತಂದು ಕೊಡುವುದು ಖಂಡಿತ ಬೇಡ.

ಒಂದೆರಡು ದಿನದಲ್ಲಿ ಚಡಪಡಿಕೆ ಒಮ್ಮೆಲೇ ಹೆಚ್ಚಾದರೆ ಮೈಯಲ್ಲಿ ಏನೋ ತೊಂದರೆ ಇರಬಹುದು. ಉರಿಮೂತ್ರ, ಮಲಬದ್ಧತೆ, ನೋವು ಯಾವುದೂ ಇರಬಹುದು. ಅವರಿಗೆ ಹೇಳಲು ಬರುವುದಿಲ್ಲ. ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ.

ಮರೆವು ಶುರುವಾದಾಗಲೂ ತಾಲೂಕಾ ದವಾಖಾನೆಗೆ ತೋರಿಸಿರಿ. ಥೈರಾಯ್ಡ್ ತೊಂದರೆ ಅಥವಾ ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ. ಅದಕ್ಕೆ ಔಷಧ ಇದೆ. ಮರೆವಿನ ರೋಗವೇ ಆದರೆ ಪೂರ್ತಿ ವಾಸಿ ಆಗುವುದಿಲ್ಲ. ಆದರೂ ಚಡಪಡಿಕೆ ಕಡಿಮೆ ಮಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆಸ್ಪತ್ರೆ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ರೊಕ್ಕ ಬೇಕಿಲ್ಲ. ಸೊಸೆಗೆ ಸಾಕಾಗಿ ಅಳು ಬಂದರೆ ಅವಳೂ ಈ ನಂಬರಿಗೆ ಮಾತಾಡಬಹುದು.

ಇನ್ನು ಮಗ. ಹೆತ್ತ ತಾಯಿಯನ್ನು ನೋಡಿಕೊಳ್ಳುವುದು ಸೊಸೆಯೊಬ್ಬಳ ಕೆಲಸವೇ? ದಿನಕ್ಕೆ ಎರಡು ತಾಸು ಅವನೂ ತಾಯಿಯ ಹತ್ತಿರ ಕೂಡಲಿ. "ಅವ್ವಗ ಜಡ್ಡು ಐತಿ, ನನ್ನ ಹೆಂಡತಿ ಕಳ್ಳಿ ಅಲ್ಲ" ಅಂತ ಓಣಿಯವರಿಗೆ ಅವನೇ ಹೇಳಲಿ.

ಬರೆಯೋಣ:

1. ನಿಮ್ಮ ಮನೆಯ ಹಿರಿಯರು ಯಾವ ಹೊತ್ತಿಗೆ ಚಡಪಡಿಸಿದರು? ಅದಕ್ಕೂ ಮೊದಲು ಏನಾಗಿತ್ತು? ಏನು ಮಾಡಿದಾಗ ಸಮಾಧಾನವಾದರು? ಒಂದು ವಾರ ಬರೆದಿಡಿರಿ. ಡಾಕ್ಟರಿಗೆ ತೋರಿಸಿರಿ.

2. ಈ ಚೀಟಿ ತುಂಬಿರಿ. ಅದನ್ನು ಬಟ್ಟೆಯಲ್ಲಿಟ್ಟು ಅವರ ಕುಪ್ಪಸದ ಒಳಗೆ ಹೊಲಿಯಿರಿ.

ನನ್ನ ಹೆಸರು ............
ಊರು ............ ಓಣಿ ............
ನನಗೆ ದಾರಿ ಮರೆಯುತ್ತದೆ.
ಮನೆಯ ಫೋನ್ ............